ನೀರಿಗೆ ನೆರೋ, ಸಕ್ಕರೆಗೆ ಜಾಖರಿ: ದಿನಬಳಕೆಯ ಮಾತಿನಿಂದ ಗ್ರೀಕ್ ಕಲಿಯುವ ಬಗೆ

ಅಥೆನ್ಸಿನ ಬೀದಿ ಮೂಲೆಗಳಲ್ಲಿ ನಮ್ಮ ಬೀಡಾ ಅಂಗಡಿಯಂಥ ಗೂಡಂಗಡಿಗಳಿವೆ. ಪೆರೀಪ್ತೆರೊ ಅಂತಾರೆ. ಪೇಪರು, ಸಿಗರೇಟು, ಚಾಕೊಲೇಟು, ಪಕ್ಕದಲ್ಲೊಂದು ಫ್ರಿಜ್ಜು. ಕೆಲಸದ ಮೇಲೆ ಅಲ್ಲಿಗೆ ಹೋದ ಮೊದಲ ವಾರ, ಜುಲೈ ಬಿಸಿಲಲ್ಲಿ ನಡೆದು ನಡೆದು ತಲೆ ಸುತ್ತಿ ಬಂದಾಗ ನನ್ನ ಬಾಯಿಂದ ಇಂಗ್ಲಿಷೂ ಹೊರಡಲಿಲ್ಲ. 'ನೀರು' ಅಂದೆ. ಅಂಗಡಿಯವನು 'ನೆರೋ?' ಎಂದು ಕೇಳಿ ಬಾಟಲಿ ತೆಗೆದುಕೊಟ್ಟ. ನಾನು ಕಲಿತ ಮೊದಲ ಗ್ರೀಕ್ ಪದ ಅದು. ಕಲಿಯಲು ಹಿಡಿದದ್ದು ಅರ್ಧ ನಿಮಿಷ.

ಇದನ್ನು ಓದಿ ಕೆಲವರಿಗೆ ರೋಮಾಂಚನವಾಗಬಹುದು. ಸ್ವಲ್ಪ ತಡೆಯಿರಿ. ಹಳೆಯ ಗ್ರೀಕಿನಲ್ಲಿ ನೀರಿಗೆ ಇದ್ದ ಪದ ಹೀದೊರ್. 'ತಾಜಾ ನೀರು' ಎಂಬರ್ಥದ ನೆಅರೋನ್ ಹೀದೊರ್ ಎಂಬ ಜೋಡಿಪದದಲ್ಲಿ ನೀರು ಉದುರಿಹೋಗಿ 'ತಾಜಾ' ಮಾತ್ರ ಉಳಿದು, ಸವೆದು ಸವೆದು ನೆರೋ ಆಯಿತು. ನಮ್ಮ ನೀರು ಅಪ್ಪಟ ದ್ರಾವಿಡ ಪದ. ಎರಡಕ್ಕೂ ನೆಂಟಸ್ತಿಕೆ ಇಲ್ಲ, ಬರೀ ಕಾಕತಾಳೀಯ. ಆದರೆ ಪದ ನೆನಪಿಟ್ಟುಕೊಳ್ಳಲು ನೆಂಟಸ್ತಿಕೆ ಬೇಕಿಲ್ಲ, ಒಂದು ಗೂಟ ಸಾಕು. ಗ್ರೀಕ್ ಕಲಿಸುವ ಪುಸ್ತಕ, ಆ್ಯಪ್ ಎಲ್ಲವೂ ಇಂಗ್ಲಿಷ್ ಮೂಲಕವೇ ಸಿಗುವುದರಿಂದ ನಾವು ಗೂಟವನ್ನೂ ಇಂಗ್ಲಿಷಿನಲ್ಲೇ ಹುಡುಕುತ್ತೇವೆ. ಕನ್ನಡದಲ್ಲಿ ಅದಕ್ಕಿಂತ ಗಟ್ಟಿ ಗೂಟಗಳಿವೆ.

ಆದ್ದರಿಂದ ಎಲ್ಲಕ್ಕಿಂತ ಮೊದಲು ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಎಡಗಡೆ ಗ್ರೀಕ್, ಬಲಗಡೆ ಕನ್ನಡ. ಇಂಗ್ಲಿಷ್ ಕಾಲಂ ಬೇಡ.

ಮೊದಲ ಹತ್ತು ದಿನ: ಅಕ್ಷರ, ಒತ್ತು

ಅಕ್ಷರಗಳು 24. ನಮ್ಮ ಒತ್ತಕ್ಷರ, ಕಾಗುಣಿತ ದಾಟಿ ಬಂದವರಿಗೆ ಇದು ಲೆಕ್ಕಕ್ಕಿಲ್ಲ. ಕಷ್ಟ ಕೊಡುವುದು ಹೊಸ ಆಕಾರದ ಅಕ್ಷರಗಳಲ್ಲ, ಪರಿಚಿತ ಮುಖದವು. ಇಂಗ್ಲಿಷಿನ ಪಿ ಥರ ಕಾಣುವುದು ಇಲ್ಲಿ ರ. ದೊಡ್ಡ ಎಚ್ ಥರ ಕಾಣುವುದು ಇ. ಚಿಕ್ಕ ವಿ ಥರ ಕಾಣುವುದು ನ. ದೊಡ್ಡ ಬಿ ಎಂದರೆ ವ. ನೀರಿನ ಬಾಟಲಿಯ ಮೇಲೆ ದೊಡ್ಡಕ್ಷರದಲ್ಲಿ ನೆರೋ ಎಂದಿದ್ದರೆ ನಮ್ಮ ಕಣ್ಣು ಅದನ್ನು 'ನೆಪೊ' ಎಂದು ಓದುತ್ತದೆ. ಈ ನಾಲ್ಕೈದನ್ನು ಮೊದಲು ಬಗೆಹರಿಸಿಕೊಳ್ಳಿ, ಉಳಿದವು ತಾವೇ ಬರುತ್ತವೆ. ಇನ್ನೊಂದು: ಇಂಗ್ಲಿಷಿನ ಅರ್ಧವಿರಾಮ ಚಿಹ್ನೆ ಗ್ರೀಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಇದು ಗೊತ್ತಿಲ್ಲದೆ ಮೆಸೇಜು ಓದಿದರೆ ಯಾರೂ ನಿಮ್ಮನ್ನು ಏನೂ ಕೇಳಿಯೇ ಇಲ್ಲ ಅನ್ನಿಸುತ್ತದೆ.

ಒತ್ತಿನ ವಿಷಯ ಗಂಭೀರ. ಕನ್ನಡದಲ್ಲಿ ಪದದ ಯಾವ ಭಾಗವನ್ನು ಜೋರಾಗಿ ಹೇಳಿದರೂ ಅರ್ಥ ಕೆಡುವುದಿಲ್ಲ. ಗ್ರೀಕಿನಲ್ಲಿ ಕೆಡುತ್ತದೆ. ಪೋತೆ ಎಂದರೆ 'ಯಾವಾಗ', ಪೊತೇ ಎಂದರೆ 'ಎಂದಿಗೂ ಇಲ್ಲ'. 'ಯಾವಾಗ ಬರ್ತೀಯ' ಎಂದು ಕೇಳಿದವರಿಗೆ 'ಎಂದೆಂದಿಗೂ ಇಲ್ಲ' ಅಂದಂತಾದರೆ ಸ್ನೇಹ ಮುಗಿಯಿತು. ಯೇರೊಸ್ ಮುದುಕ, ಯೆರೋಸ್ ಗಟ್ಟಿಮುಟ್ಟಾದವನು. ಪುಣ್ಯಕ್ಕೆ, ಎರಡೋ ಹೆಚ್ಚೋ ಸ್ವರ ಇರುವ ಪ್ರತಿ ಪದದಲ್ಲೂ ಎಲ್ಲಿ ಒತ್ತಬೇಕು ಎಂದು ಅವರು ಒಂದು ಪುಟ್ಟ ಗೆರೆ ಹಾಕಿಯೇ ಬರೆಯುತ್ತಾರೆ. ಮೊದಲು ಮೂರು ಬಗೆಯ ಒತ್ತಿನ ಗುರುತುಗಳಿದ್ದವು, ಉಸಿರಿನ ಗುರುತು ಬೇರೆ. 1982ರಲ್ಲಿ ಸರ್ಕಾರ ಎಲ್ಲ ತೆಗೆದು ಒಂದನ್ನೇ ಇಟ್ಟುಕೊಂಡಿತು.

ಈ ಬರಹದಲ್ಲಿ ಗ್ರೀಕ್ ಪದದಲ್ಲಿ ದೀರ್ಘ ಕಂಡಲ್ಲೆಲ್ಲ ಒತ್ತು ಇದೆ ಎಂದು ತಿಳಿಯಿರಿ. ಖ ಎಂದು ಬರೆದದ್ದು ಗಂಟಲು ಉಜ್ಜಿ ಹೇಳುವ ಉರ್ದುವಿನ 'ಖಾನ್' ಥರದ್ದು. ಥ ಮತ್ತು ಹೆಚ್ಚಿನ ಕಡೆ ದ, ಎರಡನ್ನೂ ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು, ಗಾಳಿ ಬಿಟ್ಟು ಹೇಳಬೇಕು. ಈ ಗಾಳಿಯ ದ ಕೈಗೂಡಲು ನನಗೆ ತಿಂಗಳು ಹಿಡಿಯಿತು. ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಬರೆದುಕೊಳ್ಳುವುದು ಮೊದಲ ಎರಡು ವಾರ ಮಾತ್ರ ಇರಲಿ. ಆಮೇಲೆ ಅದು ಊರುಗೋಲು ಹೋಗಿ ಕಾಲಿನ ಕೋಳ ಆಗುತ್ತದೆ.

ಆಮೇಲೆ ನಮಸ್ಕಾರ, ಹೌದು, ಇಲ್ಲ

ಯಾ ಸು, ಯಾ ಸಸ್. ಎರಡೂ ನಮಸ್ಕಾರವೇ. ಅಕ್ಷರಾರ್ಥ ನೋಡಿದರೆ 'ನಿನಗೆ ಆರೋಗ್ಯ', 'ನಿಮಗೆ ಆರೋಗ್ಯ'. ಇಂಗ್ಲಿಷಿನವರಿಗೆ ಇದನ್ನು ಅರ್ಧ ಪುಟ ವಿವರಿಸಬೇಕು. ನಮಗೆ ಬೇಕಾಗಿಲ್ಲ: ನೀನು, ನೀವು. ಸ್ನೇಹಿತನಿಗೆ, ಮಕ್ಕಳಿಗೆ ಸು. ಅಂಗಡಿಯವರಿಗೆ, ವೈದ್ಯರಿಗೆ, ಹಿರಿಯರಿಗೆ ಸಸ್. ಒಬ್ಬರೇ ಇದ್ದರೂ ಗೌರವಕ್ಕೆ ಬಹುವಚನ, ನಮ್ಮಂತೆಯೇ. ಕ್ರಿಯಾಪದವೂ ಹಾಗೇ. 'ಬರ್ತೀನಿ' ಅಂದರೆ ಯಾರು ಎಂದು ಯಾರೂ ಕೇಳುವುದಿಲ್ಲವಲ್ಲ? ಥೇಲೊ ಅಂದರೂ 'ನನಗೆ ಬೇಕು' ಎಂದು ಪೂರ್ತಿ ಅರ್ಥವಾಗುತ್ತದೆ, 'ನಾನು' ಹಚ್ಚಬೇಕಾಗಿಲ್ಲ. ಥೇಲೊ ನೆರೋ, ನೀರು ಬೇಕು. ಪರಕಲೋ ಸೇರಿಸಿದರೆ 'ದಯವಿಟ್ಟು'. ಯಾರಾದರೂ ನಿಮಗೆ ಎಫ್ಖರಿಸ್ತೋ, ಅಂದರೆ ಧನ್ಯವಾದ, ಹೇಳಿದರೆ ಉತ್ತರವೂ ಪರಕಲೋ. ಅಂಗಡಿಯಲ್ಲಿ 'ಏನು ಬೇಕಿತ್ತು' ಎಂದು ಕೇಳುವುದೂ ಪರಕಲೋ.

ಹೌದು ಎನ್ನುವುದಕ್ಕೆ ನೇ. ನಾನು ಸೋತದ್ದು ಇಲ್ಲೇ. ಹಿಂದಿಯ ನಹೀ, ಇಂಗ್ಲಿಷಿನ ನೋ ಎಲ್ಲ ಕೇಳಿ ಬೆಳೆದ ಕಿವಿಗೆ ನೇ ಎಂದರೆ ಇಲ್ಲ ಎಂದೇ ಅನ್ನಿಸುತ್ತದೆ. ಇಲ್ಲ ಎನ್ನುವುದಕ್ಕೆ ಓಹಿ, ನಮ್ಮ ಕಿವಿಗೆ ಇದೋ 'ಓಹೋ ಆಗಲಿ' ಅಂದಂತೆ! ಓಹಿಗೆ ಒಂದು ರಜಾದಿನವೂ ಇದೆ. 1940ರ ಅಕ್ಟೋಬರ್ 28ರಂದು ಮುಸೊಲಿನಿಯ ಬೆದರಿಕೆಗೆ ಗ್ರೀಸ್ ಬಗ್ಗಲಿಲ್ಲ ಎಂಬ ನೆನಪಿಗೆ ಪ್ರತಿವರ್ಷ 'ಇಲ್ಲ' ದಿನ ಆಚರಿಸುತ್ತಾರೆ. ದಿನಾ ಮಾತಿನಲ್ಲಿ ಓಹಿ ಅನ್ನಲೂ ಸೋಮಾರಿತನವಾದರೆ ಹುಬ್ಬೇರಿಸಿ, ಗಲ್ಲ ಸ್ವಲ್ಪ ಮೇಲೆತ್ತಿ, ನಾಲಗೆಯಿಂದ ಒಂದು ಸಲ 'ಚ್' ಎಂದು ಲೊಚಗುಟ್ಟುತ್ತಾರೆ. ಊಟ ಆಯ್ತಾ ಎಂದು ಕೇಳಿದರೆ ನಮ್ಮ ಮನೆಯ ಹುಡುಗರು 'ಚ್' ಅನ್ನುವುದಿಲ್ಲವೆ, ಅದೇ.

ಏಲ ಎಂಬುದೊಂದು ಬಹಳ ಉಪಯೋಗದ ಪದ. ಅರ್ಥ 'ಬಾ'. ಆದರೆ ಫೋನೆತ್ತಿದಾಗಲೂ ಏಲ, ಯಾರಾದರೂ ನಂಬಲಾಗದ್ದು ಹೇಳಿದಾಗಲೂ ಏಲ! ನಮ್ಮ 'ಎಲಾ ಇವನ' ಅನ್ನುವ ಎಲಾ ಥರವೇ ರಾಗ ಎಳೆಯುತ್ತಾರೆ. ಇದೂ ಕಾಕತಾಳೀಯ, ಇದೂ ಗೂಟ.

ಅಡುಗೆಮನೆಯಿಂದ ಮೂವತ್ತು ಪದ

ದಿನಕ್ಕೆ ಐದು ಪದ, ಅದಕ್ಕಿಂತ ಹೆಚ್ಚು ಬೇಡ. ಐವತ್ತು ಪದದ ಪಟ್ಟಿ ಉರುಹೊಡೆಯುವವರು ಮೂರನೇ ದಿನ ಬಿಟ್ಟುಬಿಡುತ್ತಾರೆ. ಪದಗಳನ್ನು ಪುಸ್ತಕದಿಂದ ಆರಿಸಬೇಡಿ, ಆ ದಿನ ನೀವು ಕೈಯಲ್ಲಿ ಮುಟ್ಟಿದ ವಸ್ತುಗಳಿಂದ ಆರಿಸಿ. ಚೀಟಿ ಬರೆದು ಡಬ್ಬಿಗೆ ಅಂಟಿಸಿ. ಮನೆಯವರು ನಗುತ್ತಾರೆ, ನಗಲಿ.

ಸಕ್ಕರೆ ಡಬ್ಬಿಯಿಂದ ಶುರುಮಾಡಿ. ಗ್ರೀಕಿನಲ್ಲಿ ಸಕ್ಕರೆ ಜಾಖರಿ. ಇದು ಕಾಕತಾಳೀಯ ಅಲ್ಲ. ಸಂಸ್ಕೃತದ ಶರ್ಕರಾ, ಪಾಲಿಯ ಸಕ್ಖರಾ ಪಶ್ಚಿಮಕ್ಕೆ ಹೋಗಿ ಹಳೆಯ ಗ್ರೀಕಿನ ಸಾಕ್ಖರೊನ್ ಆಯಿತು. ಅದೇ ಮೂಲದಿಂದ ನಮ್ಮ ಸಕ್ಕರೆಯೂ ಬಂತು. ಮೆಣಸು ಪಿಪೇರಿ: ನಾಟಿ ವೈದ್ಯರ ಹಿಪ್ಪಲಿಯ ಮೂಲವಾದ ಪಿಪ್ಪಲಿಯೇ ಹಡಗು ಹತ್ತಿ ಹೋದದ್ದು. ಅಲ್ಲಿಗೆ ಹೋಗಿ ಹಿಪ್ಪಲಿಯ ಹೆಸರು ಕರಿಮೆಣಸಿಗೆ ಅಂಟಿತು. ಸಾಬೂನು ಸಪೂನಿ. ಎರಡಕ್ಕೂ ಲ್ಯಾಟಿನ್ ಬೇರು, ಬಂದ ದಾರಿ ಬೇರೆ.

ಹಾಲು ಗಾಲ. ಆಕಾಶದ ನಕ್ಷತ್ರಪಟ್ಟಿ ಗಲಕ್ಸೀಯಸ್, ನಾವು ಅದನ್ನು ಕ್ಷೀರಪಥ ಅಂದದ್ದೂ ಅದೇ ಹಾಲಿನ ಕಲ್ಪನೆಯಲ್ಲಿ. ಬ್ರೆಡ್ಡು ಪ್ಸೊಮೀ. ಆದರೆ ಬೇಕರಿಯ ಬೋರ್ಡಿನ ಮೇಲೆ ಪ್ಸೊಮೀ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಅರ್ತೊಪಿಯೀಯೊ ಎಂದಿರುತ್ತದೆ, ಹಳೆಯ ಪದ ಆರ್ತೊಸ್‌ನಿಂದ ಆದದ್ದು. ಜನ ಮಾತಿನಲ್ಲಿ ಫೂರ್ನೊಸ್ ಅಂತಾರೆ, ಅಂದರೆ ಒಲೆ. ಬೋರ್ಡಿಗೊಂದು ಭಾಷೆ, ಬಾಯಿಗೊಂದು ಭಾಷೆ: 'ದ್ವಿಚಕ್ರ ವಾಹನ ನಿಲುಗಡೆ' ಎಂದು ಬರೆದ ಕಡೆ ನಾವು ಗಾಡಿ ಪಾರ್ಕ್ ಮಾಡುವುದಿಲ್ಲವೆ. ವೈನಿಗೂ ಹೀಗೆಯೇ. ಮಾತಿನಲ್ಲಿ ಕ್ರಸೀ, ಬಾಟಲಿಯ ಮೇಲೆ ಈನೊಸ್. ಕ್ರಸೀ ಎಂದರೆ ಮೂಲದಲ್ಲಿ ಬೆರಕೆ. ಹಳೆಯ ಗ್ರೀಕರು ವೈನಿಗೆ ನೀರು ಬೆರೆಸಿಯೇ ಕುಡಿಯುತ್ತಿದ್ದರು.

ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ಪ್ರತಿ ನಾಮಪದಕ್ಕೂ ಮೊದಲು ಲಿಂಗ ಹೇಳುವ ಪುಟ್ಟ ಪದವೊಂದಿದೆ: ಒ ಪುಲ್ಲಿಂಗ, ಇ ಸ್ತ್ರೀಲಿಂಗ, ತೊ ನಪುಂಸಕ. ಒ ಕಫೇಸ್ ಕಾಫಿ, ಇ ಜಾಖರಿ, ತೊ ನೆರೋ. ಕನ್ನಡದ ಲಿಂಗ ಅರ್ಥ ನೋಡಿ ಬರುತ್ತದೆ, ಗ್ರೀಕಿನದು ಬಹುಪಾಲು ಪದದ ಬಾಲ ನೋಡಿ ಬರುತ್ತದೆ. ಕಾಫಿ ಗಂಡು, ಸಕ್ಕರೆ ಹೆಣ್ಣು ಯಾಕೆ ಎಂದು ಕೇಳಬೇಡಿ, ಕೇಳಿ ನಾನು ಒಂದು ವಾರ ಹಾಳುಮಾಡಿಕೊಂಡೆ. ಒಂದು ಕಡೆ ಮಾತ್ರ ನಮಗೆ ಸಮಾಧಾನ: ಮಗು, ಅಂದರೆ ತೊ ಪೆದೀ, ನಪುಂಸಕ. 'ಮಗು ಅಳ್ತಿದೆ' ಅನ್ನುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಕಾಫಿ ಕುಡಿಯುವವರಿಗೆ ಮೂರು ಪದ ಕಡ್ಡಾಯ. ಪುಟ್ಟ ಹಿಡಿಕೆಯ ಬ್ರೀಕಿಯಲ್ಲಿ ಪುಡಿ, ಸಕ್ಕರೆ, ನೀರು ಒಟ್ಟಿಗೇ ಕಾಯಿಸುವುದರಿಂದ ಸಕ್ಕರೆ ಎಷ್ಟು ಎಂದು ಮೊದಲೇ ಹೇಳಬೇಕು. ಸ್ಕೇತೊ ಎಂದರೆ ಸಕ್ಕರೆ ಇಲ್ಲ, ಮೇತ್ರಿಯೊ ಎಂದರೆ ಮಧ್ಯಮ, ಗ್ಲಿಕೋ ಎಂದರೆ ಸಿಹಿ. ಫಿಲ್ಟರ್ ಕಾಫಿಯ ನಾಲಗೆಗೆ ಗ್ಲಿಕೋದಿಂದ ಶುರುಮಾಡುವುದು ಕ್ಷೇಮ. ತಳದ ಚರಟ ಕುಡಿಯಬೇಡಿ. ಮಾತನ್ನು ಮೆತ್ತಗೆ ಮಾಡಲು ಆಕಿ ಎಂಬ ಬಾಲ ಹಚ್ಚುತ್ತಾರೆ. ಕಫೆದಾಕಿ, ನೆರಾಕಿ. ಅಳತೆ ಚಿಕ್ಕದು ಎಂದಲ್ಲ. 'ಸ್ವಲ್ಪ ನೀರು ಕೊಡ್ತೀರಾ' ಎಂದು ಕೇಳಿ ಒಂದು ಚೊಂಬು ಕುಡಿಯುವುದಿಲ್ಲವೆ ನಾವು, ಆ 'ಸ್ವಲ್ಪ' ಇದು.

ಎಣಿಕೆ, ವಾರ

ಏನ, ದೀಯೊ, ತ್ರೀಯ, ತೇಸೆರ, ಪೇಂದೆ, ಏಕ್ಸಿ, ಎಫ್ತಾ, ಒಖ್ತೋ, ಎನ್ಯಾ, ದೇಕ. ಪಕ್ಕದಲ್ಲಿ ದ್ವಿ, ತ್ರಿ, ಪಂಚ, ಅಷ್ಟ, ದಶ ಬರೆದು ನೋಡಿ. ಸಂಸ್ಕೃತವೂ ಗ್ರೀಕೂ ದಾಯಾದಿ ಭಾಷೆಗಳಾದ್ದರಿಂದ ಇಲ್ಲಿ ನೆಂಟಸ್ತಿಕೆ ನಿಜವಾದದ್ದು. ನಾವು ಸಂಸ್ಕೃತದಿಂದ ಎರವಲು ತಂದ ಪದಗಳು ಇಲ್ಲಿ ಬಡ್ಡಿ ಸಮೇತ ಉಪಯೋಗಕ್ಕೆ ಬರುತ್ತವೆ: ಪಾದ ಪೋದಿ, ದಂತ ದೋಂದಿ, ನಾಮ ಓನೊಮ, ನವ ನೇಯೊಸ್, ಪಿತೃ ಪತೇರಸ್, ಮಾತೃ ಮಿತೇರ.

ಸಪ್ತ ಎಫ್ತಾ ಆದದ್ದು ಹೇಗೆ? ಇದನ್ನು ಕನ್ನಡಿಗರಷ್ಟು ಸುಲಭವಾಗಿ ಬೇರೆ ಯಾರೂ ಅರ್ಥಮಾಡಿಕೊಳ್ಳಲಾರರು. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾಯಿತು, ನಮ್ಮ ಕಡೆಯ ಹಳ್ಳಿಯ ಬಾಯಲ್ಲಿ ಆಲೂ ಆಯಿತು. ಪಕಾರ ಹಕಾರವಾಗಿ, ಹಕಾರ ಗಾಳಿಗೆ ಹೋಯಿತು. ಗ್ರೀಕಿನಲ್ಲಿ ಪದದ ಮೊದಲ ಸಕಾರಕ್ಕೆ ಇದೇ ಗತಿ: ಸಪ್ತ ಎಂಬುದರ ದಾಯಾದಿ ಹಳೆಯ ಗ್ರೀಕಿನಲ್ಲಿ ಹೆಪ್ತಾ, ಈಗ ಎಫ್ತಾ. ಸರ್ಪದ ದಾಯಾದಿ ಹೆರ್ಪೆತೋನ್, ಈಗ ಎರ್ಪೆತೋ, ಹರಿದಾಡುವ ಪ್ರಾಣಿ. ಸ್ವರದಿಂದ ಶುರುವಾಗುವ ಗ್ರೀಕ್ ಪದ ಕಂಡಾಗ ಮುಂದೆ ಒಂದು ಸ ಇಟ್ಟು ನೋಡುವ ಚಟ ಬೆಳೆಸಿಕೊಳ್ಳಿ. ಎಲ್ಲ ಸಲ ಕೈಹಿಡಿಯುವುದಿಲ್ಲ, ಹಿಡಿದಾಗ ಖುಷಿಯಾಗುತ್ತದೆ.

ವಾರದ ಹೆಸರು ಎಣಿಕೆ ಬಂದರೆ ಅರ್ಧ ಬಂದಂತೆ. ನಮ್ಮ ವಾರ ಗ್ರಹಗಳದ್ದು, ಅವರದು ಚರ್ಚಿನ ಲೆಕ್ಕ. ಭಾನುವಾರ ಕಿರ್ಯಕೀ, ದೇವರ ದಿನ. ಅದು ಒಂದನೆಯದು, ಹಾಗಾಗಿ ಸೋಮವಾರ 'ಎರಡನೆಯದು', ದೆಫ್ತೇರ. ಮಂಗಳವಾರ ತ್ರೀತಿ, ಬುಧವಾರ ತೆತಾರ್ತಿ, ಗುರುವಾರ ಪೇಂಪ್ತಿ. ಶುಕ್ರವಾರ ಪರಸ್ಕೆವೀ, ಅಂದರೆ ತಯಾರಿ. ಶನಿವಾರ ಸಾವತೊ. ಮಂಗಳವಾರ ಶುಭಕಾರ್ಯ ಬೇಡ ಎನ್ನುವ ಅಜ್ಜಿಯರು ಅಲ್ಲೂ ಇದ್ದಾರೆ. 1453ರ ಮೇ 29ರಂದು ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದದ್ದು ಮಂಗಳವಾರ. ಮಂಗಳವಾರ 13ನೇ ತಾರೀಕು ಬಿದ್ದರಂತೂ ಮುಗಿದೇಹೋಯಿತು.

ಸಂತೆಗೆ ಹೋಗಿ, ಬೋರ್ಡು ಓದಿ

ಅಥೆನ್ಸಿನ ಬಡಾವಣೆಗಳಲ್ಲಿ ವಾರಕ್ಕೊಮ್ಮೆ ಒಂದು ಬೀದಿ ಮುಚ್ಚಿ ಸಂತೆ ಕಟ್ಟುತ್ತಾರೆ. ಲೈಕೀ ಅದರ ಹೆಸರು, ಜನರದ್ದು ಎಂದರ್ಥ. ಪೋಸೊ ಕಾನಿ ಎಂದರೆ ಎಷ್ಟು? ದೊಮಾತ, ಪತಾತ, ಲೆಮೋನಿಗೆ ನಿಘಂಟು ಬೇಕಿಲ್ಲ. ಬದನೆ ಮೆಲಿಜಾನ, ಅಕ್ಕಿ ರೀಜಿ. ಎಡವುವುದು ಕರ್ಪೂಜಿಯಲ್ಲಿ. ನಮ್ಮ ಕರಬೂಜ ಎಂದುಕೊಂಡು ನಾನು ಒಂದು ಕರ್ಪೂಜಿ ಕೊಡಿ ಎಂದೆ, ಆರು ಕಿಲೋದ ಕಲ್ಲಂಗಡಿ ಕೈಗೆ ಬಂತು. ಕರಬೂಜಕ್ಕೆ ಅಲ್ಲಿ ಪೆಪೋನಿ ಅನ್ನಬೇಕು. ಪರ್ಶಿಯದ ಒಂದೇ ಪದ ಎರಡು ದಿಕ್ಕಿಗೆ ಹೊರಟು ಒಂದೊಂದು ಕಡೆ ಒಂದೊಂದು ಹಣ್ಣಿಗೆ ಅಂಟಿಕೊಂಡದ್ದರ ಫಲವಾಗಿ ನಾನು ಆ ಕಲ್ಲಂಗಡಿಯನ್ನು ನಾಲ್ಕು ಮಹಡಿ ಹತ್ತಿಸಿದೆ.

ಗ್ರೀಸಿಗೆ ಹೋಗದೆ ಮನೆಯಲ್ಲೇ ಕಲಿಯುವವರು ಅಂತರ್ಜಾಲದ ನಕ್ಷೆಯಲ್ಲಿ ಅಥೆನ್ಸಿನ ಬೀದಿಯ ಫೋಟೋ ತೆರೆದು ಬೋರ್ಡು ಓದಬಹುದು. ಫರ್ಮಕೀಯೊ ಔಷಧಿ ಅಂಗಡಿ. ಏಕ್ಸೊದೊಸ್ ಹೊರಹೋಗುವ ದಾರಿ. ತ್ರಾಪೆಜ ಬ್ಯಾಂಕು, ತ್ರಪೇಜಿ ಮೇಜು: ಹಣ ಬದಲಿಸುವವರು ಮೇಜು ಹಾಕಿಕೊಂಡು ಕೂರುತ್ತಿದ್ದ ಕಾಲದ ನೆನಪು. ಮನೆ ಸಾಮಾನು ಸಾಗಿಸುವ ಲಾರಿಗಳ ಮೇಲೆ ಮೆತಫೊರೇಸ್ ಎಂದಿರುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ನೋಡಿ ನಿಂತುಬಿಡುತ್ತಾರೆ, ರೂಪಕಕ್ಕೆ ಗ್ರೀಕ್ ಪದವೂ ಅದೇ ತಾನೆ! ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಹಾಕುವುದು.

ನಗರದ ನಡುಭಾಗಕ್ಕೆ ಹೋಗುವ ದಾರಿಯ ಫಲಕದಲ್ಲಿ ಕೇಂದ್ರೊ ಎಂದಿರುತ್ತದೆ. ಹೌದು, ನಮ್ಮ ಕೇಂದ್ರ. ಆದರೆ ಕೊಟ್ಟವರು ಅವರು, ತಂದುಕೊಂಡವರು ನಾವು. ಗ್ರೀಕ್ ಜ್ಯೋತಿಷ, ಗಣಿತದ ಜೊತೆ ಸಂಸ್ಕೃತಕ್ಕೆ ಬಂದ ಪದ ಅದು. ಜಾತಕ ಬರೆಯುವವರ ಹೋರಾ ಕೂಡ ಹಾಗೇ ಬಂತು. ಇವತ್ತಿಗೂ ಗ್ರೀಕಿನಲ್ಲಿ ಓರ ಎಂದರೆ ಗಂಟೆ, ಹೊತ್ತು. ನಮ್ಮ ಶಾಸನಗಳ ದ್ರಮ್ಮ ಎಂಬ ನಾಣ್ಯ ಅವರ ದ್ರಖ್ಮೀ. ಯೂರೊ ಬರುವ ತನಕ ಅದು ಅವರ ಜೇಬಿನಲ್ಲೂ ಇತ್ತು. ಗ್ರೀಕ್-ಕನ್ನಡ ಎಂದ ಕೂಡಲೇ ಯಾರಾದರೂ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪ್ರಹಸನದ ಮಾತು ತೆಗೆದೇ ತೆಗೆಯುತ್ತಾರೆ. ಸುಮಾರು 2ನೇ ಶತಮಾನದ ಆ ಹಾಳೆಯಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡುವ ಮಾತು ಕನ್ನಡ ಎಂದು 1904ರಲ್ಲಿ ಹುಲ್ಷ್ ಎಂಬ ವಿದ್ವಾಂಸರು ಸೂಚಿಸಿದರು. ಗೋವಿಂದ ಪೈಗಳೂ ಅದರ ಬೆನ್ನುಹತ್ತಿದರು. ಒಪ್ಪದವರೂ ಬಹಳ ಜನ ಇದ್ದಾರೆ. ಪದ ಕಲಿಯುವವರಿಗೆ ಈ ಜಗಳ ಬೇಕಿಲ್ಲ, ಕೇಂದ್ರೊ ಸಾಕು.

ಬಾಯಿಗೆ ತಾನಾಗಿ ಬರಬೇಕಾದವು

ಪದಗಳು ಇನ್ನೂರು ದಾಟಿದ ಮೇಲೆ ಹಾರೈಕೆಗಳನ್ನು ಕಲಿಯಿರಿ. ಅಲ್ಲಿ ಪ್ರತಿಯೊಂದಕ್ಕೂ ಒಂದು ಮಾತಿದೆ. ಹುಷಾರಿಲ್ಲದವರಿಗೆ ಪೆರಸ್ತಿಕಾ, 'ದಾಟಿಹೋಗಲಿ'. ಹೊಸ ಅಂಗಿ ಹಾಕಿದವರಿಗೆ, ಕ್ಷೌರ ಮಾಡಿಸಿಕೊಂಡು ಬಂದವರಿಗೂ ಮೆ ಯಾ. ಹುಟ್ಟುಹಬ್ಬಕ್ಕೆ ಖ್ರೋನ್ಯ ಪೊಲಾ, 'ಬಹಳ ವರ್ಷಗಳು'. ತಿಂಗಳ ಒಂದನೇ ತಾರೀಕು ಕಲೋ ಮೀನ, ಒಳ್ಳೆಯ ತಿಂಗಳಾಗಲಿ. ಕಣ್ಣಿಗೆ ಮಾತಿ ಅಂತಾರೆ, ಕೆಟ್ಟ ದೃಷ್ಟಿಗೂ ಅದೇ ಪದ. ಮಗು ಮುದ್ದಾಗಿದೆ ಎಂದು ಹೊಗಳಿದ ಕೂಡಲೇ ಅಜ್ಜಿಯೊಬ್ಬರು 'ಫ್ತೂ ಫ್ತೂ ಫ್ತೂ' ಅಂದಾಗ ನನಗೆ ಯಾರೂ ವಿವರಿಸಬೇಕಾಗಲಿಲ್ಲ. ಮೆಣಸಿನಕಾಯಿ ನಿವಾಳಿಸುವುದೊಂದು ಬಾಕಿ ಇತ್ತು.

ಜೋಡಿಪದಗಳೂ ನಮ್ಮ ಮನೆಯವೇ. ಪ್ರೊಯೀ ಎಂದರೆ ಬೆಳಿಗ್ಗೆ, ಪ್ರೊಯೀ ಪ್ರೊಯೀ ಎಂದರೆ ಬೆಳಬೆಳಿಗ್ಗೆ. ಸಿಗಾ ಸಿಗಾ, ಮೆಲ್ಲಮೆಲ್ಲಗೆ. ಕನ್ನಡದ ಲಯದಲ್ಲೇ ಹೇಳಿ, ಒಪ್ಪುತ್ತದೆ.

ಕಿವಿಗೆ ಅಭ್ಯಾಸವಾಗಲು ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಎಂಬ ಉಚಿತ ಆಡಿಯೊ ಪಾಠ ಚೆನ್ನಾಗಿದೆ, ಬರೆಯದೆ ಕೇಳಿ ಉತ್ತರಿಸುವ ಕ್ರಮ. ಡುಯೊಲಿಂಗೊದಲ್ಲೂ ಗ್ರೀಕ್ ಇದೆ. ದಿನಾ ಮುಟ್ಟುವ ಅಭ್ಯಾಸಕ್ಕೆ ಸರಿ, ಅದೊಂದನ್ನೇ ನಂಬಿದರೆ ಅಂಗಡಿಯಲ್ಲಿ ಬಾಯಿ ಬರುವುದಿಲ್ಲ. ಬೈಬಲ್ಲಿಗಾಗಿಯೋ ಪ್ಲೇಟೋಗಾಗಿಯೋ ಹಳೆಯ ಗ್ರೀಕ್ ಬೇಕಾದವರಿಗೆ ವ್ಯಾಕರಣದ ದಾರಿ ಬೇರೆ. ಆದರೂ ಮೊದಲು ಇವತ್ತಿನ ನಾಲ್ಕುನೂರು ಪದ ಬಾಯಲ್ಲಿದ್ದರೆ ಆ ಬೆಟ್ಟ ಹತ್ತುವಾಗ ಕೈಯಲ್ಲಿ ಕೋಲು ಇದ್ದಂತೆ.

ಭಾನುವಾರ ಬಲಗಡೆಯ ಕನ್ನಡ ಕಾಲಂ ತೆರೆದಿಟ್ಟು, ಎಡಗಡೆಯದನ್ನು ಕೈಯಲ್ಲಿ ಮುಚ್ಚಿ. ಗ್ರೀಕಿನಿಂದ ಕನ್ನಡಕ್ಕೆ ಹೋಗುವುದು ಸುಲಭ, ಕನ್ನಡದಿಂದ ಗ್ರೀಕಿಗೆ ಬಂದರೆ ಮಾತ್ರ ಪದ ನಿಮ್ಮದು. ತಪ್ಪಿದವಕ್ಕೆ ಒಂದು ಚುಕ್ಕೆ ಇಡಿ. ಮೂರು ಚುಕ್ಕೆ ಬಿದ್ದ ಪದವನ್ನು ಮತ್ತೆ ಉರುಹೊಡೆಯಬೇಡಿ, ಅದನ್ನು ಒಂದು ಘಟನೆಗೆ ಕಟ್ಟಿಹಾಕಿ. ನನ್ನ ಪುಸ್ತಕದಲ್ಲಿ ಈರುಳ್ಳಿಗೆ ಐದು ಚುಕ್ಕೆ ಬಿದ್ದಿತ್ತು. ಕ್ರೆಮೀದಿ ಎಂಬುದಕ್ಕೆ ಕನ್ನಡದಲ್ಲಿ ಯಾವ ಗೂಟವೂ ಸಿಗಲಿಲ್ಲ. ಒಂದು ಶನಿವಾರ ಲೈಕೀಯಲ್ಲಿ ಸುಮ್ಮನೆ ಬೆರಳು ತೋರಿಸಿ ಎರಡು ಕಿಲೋ ಎಂದೆ. ಮಾರುವ ಹೆಂಗಸು ಚೀಲ ಕೊಡದೆ ಎದೆಗೆ ಅವಚಿಕೊಂಡು, 'ಏನಿದು, ಹೇಳು?' ಎಂದಳು. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ನಾಲ್ವರೂ ಒಟ್ಟಿಗೆ 'ಕ್ರೆಮೀದ್ಯ!' ಎಂದು ಕೂಗಿದರು, ಬಹುವಚನದಲ್ಲಿ.

ಚೀಲ ಕೊಟ್ಟಳು. ಮೇಲೊಂದು ಬೆಳ್ಳುಳ್ಳಿ ಗೆಡ್ಡೆ ಹಾಕಿ, 'ಮುಂದಿನ ವಾರ ಇದರ ಹೆಸರು ಕೇಳ್ತೀನಿ' ಎಂದಳು. ಸ್ಕೋರ್ದೊ. ಅದಕ್ಕೆ ಒಂದು ಚುಕ್ಕೆಯೂ ಬೀಳಲಿಲ್ಲ.